ಹದಿನೇಳಲ್ಲ, ಹದಿನೆಂಟು

ರಬಕವಿಯ ನಮ್ಮ ಓಣ್ಯಾಗ, ಕಾರಿನ ಕೆಳಗ,
ಮುಂಜಾನೆ ಎದ್ದು ನೋಡಿದರ ಕೆಂಪು ಕಲೆ.
ಎಲಿ-ಅಡಕಿ ತಿಂದು ಯಾರೋ ಉಗುಳ್ಯಾರಂತ
ಕಲಾವತಿ ಎರಡು ಸಲ ತೊಳದ್ಲು, ಬೈದ್ಲು.
ಮೂರನೇ ದಿನ ಬೆರಳಿಗೆ ಹಚ್ಚಿ ಮೂಸಿದ್ನಿ.
ಸ್ಟೇರಿಂಗ್ ಎಣ್ಣಿ.

ಕಾರು ಇಬ್ಬರದು.
ಮನಿ ಪಾಲಾತು. ಮಗ್ಗ ಪಾಲಾದವು,
ಅಣ್ಣಗ ಆರು, ನನಗ ಆರು.
ಹಿತ್ತಲದಾಗಿನ ನಳಾ ಸೈತ
ನಡುವ ಗೋಡಿ ಎದ್ದು ಎರಡು ಬಾಯಿ ಮಾಡಿಕೊಂಡಿತು.
ಇಂಡಿಕಾ ಒಂದನ್ನ ಕೊಯ್ಯಾಕ ಬರಲಿಲ್ಲ.
ವಾರ ಬಿಟ್ಟು ವಾರ ಹೊಡೀರಿ ಅಂದ್ರು ಹಿರಿಯರು.
ಸೋಮವಾರ ಮುಂಜಾನೆ ಕಿಡಕ್ಯಾಗ ಕೀಲಿ ಇಟ್ಟು ಹೋಗತಾನ
ಅಣ್ಣ ದುಂಡಪ್ಪ.
ಎರಡು ವರ್ಷ ಆತು. ಮಾತಿಲ್ಲ. ಕೀಲಿ ಅಷ್ಟ.

ನನ್ನ ವಾರದಾಗ ಡಬ್ಬಿ ನೋಡತಿದ್ನಿ,
ಎಣ್ಣಿ ಗೆರಿಗಿಂತ ಕೆಳಗ.
ಕತ್ತಲಾದ ಮ್ಯಾಲ ಬಾನೆಟ್ ಎತ್ತಿ, ಅರ್ಧ ಬಾಟ್ಲಿ ಸುರುವಿ,
ಸಪ್ಪಳಾಗದಂಗ ಮುಚ್ಚತಿದ್ನಿ.
ಹೇಳಿದರ, ನಿನ್ನ ವಾರದಾಗ ಕೆಟ್ಟೈತಿ, ನೀನ ಮಾಡಸು ಅಂದಾನು.
ಅಂದಾನು ಅಂತ ಅನ್ನಾಕೂ ಮಾತು ಬೇಕಲ್ಲ.

ತೇರದಾಳದ ತಿರುವಿನ್ಯಾಗ ಒಂದಿನ ಸ್ಟೇರಿಂಗು
ಬೀಸೂ ಕಲ್ಲಾಗಿ ಕುಂತಿತು.
ಎರಡೂ ಕೈ ಹಾಕಿ ತಿರುವಿದರ, ಒಳಗ
ಪಟ್ಟಾ ಜಾರಿದ ಮಗ್ಗದಂಗ ಒರಲತೈತಿ.
ಜಮಖಂಡಿ ಮಿಸ್ತ್ರಿ ಹದಿನೆಂಟು ಸಾವಿರ ಅಂದ.
ಕಬ್ಬಿನ ಟ್ರ್ಯಾಕ್ಟರಿಗೆ ಪೈಪು ಕಟ್ಟೂ ಮುಧೋಳದಂವ
ಹಳೇ ಅಳತಿ ಹೇಳು, ಹೊಸದು ಒಯ್ಯಿ ಅಂದ.

ಕರೆಂಟಿಲ್ಲದ ಐತವಾರ. ಇಡೀ ಊರಿನ ಮಗ್ಗ ನಿಂತು
ಕಿವ್ಯಾಗ ಗುಂಯ್ ಅನ್ನೂವಷ್ಟು ನಿಶ್ಶಬ್ದ.
ಜ್ಯಾಕು ಕೊಟ್ಟು, ಹಳೇ ಮಗ್ಗದ ಕಬ್ಬಿಣದ ಕಾಲು ಆನಿಸಿ,
ಹೋಳಿಗಿ ಪರಾತ ಕೆಳಗಿಟ್ಟು ನುಸುಳಿದ್ನಿ.
(ಅದ ಪರಾತ. ಕಲಾವತಿಗೆ ಇನ್ನೂ ಗೊತ್ತಿಲ್ಲ.)
ಬೋಲ್ಟು ಬರವಲ್ಲದು. ಪಾನಾ ಜಾರಿ ಬೆರಳು ಕೆತ್ತಿತು.
ಯಾವದು ಎಣ್ಣಿ, ಯಾವದು ರಕ್ತ, ಅದೂ ತಿಳೀಲಿಲ್ಲ.

ಆಗ ಬಂಪರಿನ ಕೆಳಗ ಎರಡು ಕಾಲು.
ಬಲ ಹೆಬ್ಬಟ್ಟಿಗೆ ಉಗುರಿಲ್ಲ;
ಹಾರಿದ ಲಾಳಿ ಅದನ್ನ ಒಯ್ದಾಗ ನಾನ ಅರಬಿ ಸುತ್ತಿದ್ನಿ.
ಕಾಲು ನಿಂತವು. ಹೊರಟವು. ಮತ್ತ ಬಂದವು.
“ಹದಿನೇಳಲ್ಲ, ಹದಿನೆಂಟು” ಅಂದ,
ಪಾನಾ ಕೆಳಗ ಚಾಚಿದ.

ಮ್ಯಾಲ ಅಂವ, ಕೆಳಗ ನಾನು.
“ತಾಮ್ರದ ವಾಷರ್ ಹೊಸಾವು ತಂದೀಯೇನು?”
“ಹೂಂ.”
“ಬಾಯಿ ಮುಚ್ಚಕೊಳ್ಳೊ, ಎಣ್ಣಿ ಬೀಳತೈತಿ.”
ಎರಡು ವರ್ಷ ಮುಚ್ಚೀನಲ್ಲಪಾ ಅನ್ನೂದು ನಾಲಿಗಿಗೆ ಬಂದಿತ್ತು,
ಅಷ್ಟ್ರಾಗ ಎಣ್ಣಿ ಬಿದ್ದ ಬಿಟ್ಟಿತು.

ಹಳೇ ಪೈಪು ಹೊರಗ ತಗದು ಬಿಸಲಿಗೆ ಹಿಡದ.
ಒಂದು ಜೋರಿಲೆ ಒಯ್ಯೂದು, ಒಂದು ಸುಮ್ಮನ ಮರಳಸೂದು.
ಸೋರಿದ್ದು ಎರಡೂ.
ಸೀಳಿದ ರಬ್ಬರಿನ ಒಳಗ ನೂಲು! ಅಡ್ಡ, ಓರಿ, ಹೆಣದ ನೂಲು.
ಅಣ್ಣ ಉಗುರಿಲೆ ಎಳಿ ಬಿಡಿಸಿ ಎಣಸಾಕ ಕುಂತ.
“ಯಾವ ಮಗ್ಗದಾಗ ನೇಯ್ದಾರಲೇ ಇದನ್ನ?”
ಇಬ್ಬರೂ ಹೊತ್ತು ಮರತು ಅದನ್ನ ನೋಡಿದ್ವಿ.

ಎಣ್ಣಿ ತುಂಬೂ ಹೊತ್ತಿಗೆ ನನ್ನ ಬಾಟ್ಲಿ ಸಾಲಲಿಲ್ಲ.
ಅಂವ ಒಳಗ ಹೋಗಿ ನೂಲಿನ ಗಂಟಿನ ಹಿಂದಿಂದ
ಒಂದು ಬಾಟ್ಲಿ ತಂದ. ಅದ ಕಂಪನಿ. ಅರ್ಧ ಖಾಲಿ.
ನಾ ಅವನ ಮಾರಿ ನೋಡಲಿಲ್ಲ.
ಅಂವ ಬೂಚು ತಿರುವೂದರಾಗ ಭಾಳ ತಡಾ ಮಾಡಿದ.

ಅವನ ಮಗಳು ಭುವನಾ ಸೀಟಿನ ಮ್ಯಾಲ ಕುಂತಾಳ,
ಪೂರಾ ಎಡಕ್ಕ, ಪೂರಾ ಬಲಕ್ಕ.
ಡಬ್ಬ್ಯಾಗ ಗುಳ್ಳಿ ಎದ್ದು ಒಡೀತಾವ.
“ಇನ್ನೊಮ್ಮಿ,” ಅಂದ. “ಇನ್ನೊಮ್ಮಿ,” ಅಂದೆ.
“ಕಾಕಾ, ಕೈ ಸೋತುವು.”
ಗಾಡಿ ಚಾಲೂ ಮಾಡಿದ್ರ ಮೊದಲು ಬುರುಗು, ಒರಲೂದು,
ಆಮ್ಯಾಲ ಒರಲೂದು ನಿಂತಿತು.
ಒಂದ ಬೆರಳಿಲೆ ತಿರುವಿ ನಕ್ಕಳು ಹುಡುಗಿ.

ಅಣ್ಣ ಕೈ ಒರಸಿಕೋತ ಏನೋ ಹೇಳಾಕ ಸುರು ಮಾಡಿದ,
ಅಷ್ಟ್ರಾಗ ಕರೆಂಟು ಬಂತು.
ಗೋಡಿಯ ಆ ಕಡೆ ಆರು, ಈ ಕಡೆ ಆರು
ಒಮ್ಮೆಲೇ ಖಟಪಟ ಹತ್ತಿದವು.
ತುಟಿ ಆಡೂದು ಕಂಡಿತು, ಮಾತು ಕೇಳಲಿಲ್ಲ.
ಹೂಂ ಅಂದೆ.

ಮರುದಿನ ಕಾರಿನ ಕೆಳಗ ರಟ್ಟು ಹಾಸಬೇಕಂತ ಹೋದರ
ಯಾರೋ ಆಗಲೇ ಹಾಸ್ಯಾರ.
ಅದರ ಮ್ಯಾಲ ಒಂದು ಕೆಂಪು ಹನಿ.
ಚಾಸಿಗೆ ಅಂಟಿದ ಹಳೇದು ಇಳದಿರಬೇಕು.
ಕೇಳಬೇಕು ಅವನ್ನ.